ಸಿಲಿಂಡರಿಗೊಂದು ಬಾಗಿಲು

ಮೋಟಾರು ವಾಹನದ ಮಾತು ಬಂದಾಗ ನಮ್ಮ ಜನ ಮೊದಲು ವಿಚಾರಿಸುವುದು ಪೆಟ್ರೋಲಿನ ಬೆಲೆಯನ್ನು, ಅನಂತರ ಲೀಟರಿಗೆ ಎಷ್ಟು ಕಿಲೋಮೀಟರು ಕೊಡುತ್ತದೆ ಎಂಬುದನ್ನು, ಆದರೆ ಆ ವಾಹನವು ಪೆಟ್ರೋಲಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಸೇವಿಸುವ, ಬೆಲೆಯಿಲ್ಲದೆ ದೊರೆಯುವ ಕಾರಣದಿಂದಲೇ ಯಾರ ಗಣನೆಗೂ ಬಾರದೆ ಉಳಿದಿರುವ ಮತ್ತೊಂದು ಆಹಾರವುಂಟು, ಅದು ಗಾಳಿ. ಪೆಟ್ರೋಲು ಪರಿಪೂರ್ಣವಾಗಿ ದಹಿಸಬೇಕಾದರೆ ಅದರ ತೂಕದ 14.7 ಪಟ್ಟು ಗಾಳಿ ಬೇಕೆಂಬುದು ರಸಾಯನಶಾಸ್ತ್ರದ ಲೆಕ್ಕ. ಅಳತೆಯಿಂದ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು 9,000 ಲೀಟರು ಗಾಳಿ. ನಾಲ್ಕು ಸಿಲಿಂಡರುಗಳ 2 ಲೀಟರು ಗಾತ್ರದ ಇಂಜಿನ್ನೊಂದು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರುವಾಗ, ಎರಡು ಸುತ್ತಿಗೊಮ್ಮೆ ತನ್ನ ಒಡಲನ್ನು ತುಂಬಿಕೊಳ್ಳಬೇಕಾದುದರಿಂದ, ಪ್ರತಿ ಸೆಕೆಂಡಿಗೂ ಹತ್ತಿರ ಹತ್ತಿರ 100 ಲೀಟರು ಗಾಳಿಯನ್ನು ಹೀರಬೇಕಾಗುತ್ತದೆ. ಅಂಥ ಒಂದೊಂದು ಹೀರಿಕೆಗೆ ಪಿಸ್ಟನ್ನಿಗೆ ದೊರೆಯುವ ಅವಕಾಶವಾದರೋ ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲು ಮಾತ್ರ. ಆದಕಾರಣ ಕ್ರೀಡಾಕಾರಿನ ಇಂಜಿನ್ನನ್ನು ಉತ್ತಮಪಡಿಸಬೇಕೆಂದು ಹೊರಟ ಯಂತ್ರಜ್ಞನು ಎಲ್ಲಕ್ಕಿಂತ ಮೊದಲು ಪರೀಕ್ಷಿಸುವುದು ಅದರ ಉಸಿರಾಟವನ್ನು. ಆ ಉಸಿರಾಟವನ್ನು ಸಂಸ್ಕರಿಸಲು ಈ ವಿದ್ಯೆಯಲ್ಲಿರುವ ಮಾರ್ಗಗಳಲ್ಲಿ ಅತ್ಯಂತ ಸುಂದರವಾದುದು, ಅತ್ಯಂತ ಶ್ರಮಸಾಧ್ಯವೂ ಆದುದು, ಪ್ರತಿಯೊಂದು ಸಿಲಿಂಡರಿಗೂ ಅದರದೇ ಆದ ಥ್ರಾಟಲ್ ಬಾಡಿಯನ್ನು ಜೋಡಿಸುವುದು.

ಚಾಲಕನು ಆಕ್ಸಿಲರೇಟರನ್ನು ತುಳಿದಾಗ ಪೆಟ್ರೋಲಿನ ನಲ್ಲಿಯೊಂದು ತೆರೆಯುವುದೆಂದು ಬಹುಮಂದಿ ಭಾವಿಸಿರುವುದುಂಟು. ವಾಸ್ತವದಲ್ಲಿ ತೆರೆಯುವುದು ಗಾಳಿಯ ಬಾಗಿಲು. ಲೋಹದ ಒಂದು ಕೊಳವೆ, ಅದರ ನಡುವೆ ಅಚ್ಚಿನ ಮೇಲೆ ತಿರುಗುವ ಒಂದು ದುಂಡು ಬಿಲ್ಲೆ. ಇಷ್ಟೇ ಥ್ರಾಟಲ್ ಬಾಡಿಯ ಸ್ವರೂಪ. ಬಟರ್‌ಫ್ಲೈ ಎಂದು ಕರೆಯಲ್ಪಡುವ ಆ ಬಿಲ್ಲೆಯು ಅಡ್ಡಲಾಗಿ ನಿಂತಾಗ ದಾರಿ ಮುಚ್ಚಿರುತ್ತದೆ, ಗಾಳಿಯ ಹರಿವಿಗೆ ಸಮಾನಾಂತರವಾಗಿ ತಿರುಗಿದಾಗ ತೆರೆದಿರುತ್ತದೆ. ಒಳಹೊಕ್ಕ ಗಾಳಿಯೆಷ್ಟೆಂಬುದನ್ನು ತಿಳಿದು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರಿನಿಂದ ಸಿಂಪಡಿಸುವುದು ಇಸಿಯು ಎಂಬ ಗಣಕದ ಕೆಲಸ. ಹೀಗೆ ಗಾಳಿಯು ಮುಂದೆ ಹೋಗುತ್ತದೆ, ಪೆಟ್ರೋಲು ಅದನ್ನು ಅನುಸರಿಸುತ್ತದೆ.

ಈ ಸಾಧನವು ಇಂದು ನಮ್ಮ ಜನರಿಗೆ ಅಪರಿಚಿತವೇನೂ ಅಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರು ಮಾಯವಾಗಿ ಅದರ ಸ್ಥಾನದಲ್ಲಿ ಥ್ರಾಟಲ್ ಬಾಡಿ ಬಂದು ನೆಲೆಸಿತು. ಚನ್ನರಾಯಪಟ್ಟಣದ ಪೇಟೆಯಲ್ಲಾಗಲಿ, ಶ್ರವಣಬೆಳಗೊಳದ ರಸ್ತೆಯಲ್ಲಾಗಲಿ, ಹೊಳೆನರಸೀಪುರ ಅರಕಲಗೂಡುಗಳ ಸಂತೆಯಲ್ಲಾಗಲಿ ಓಡಾಡುವ ಒಂಟಿ ಸಿಲಿಂಡರಿನ ಬೈಕೊಂದನ್ನು ನಿಲ್ಲಿಸಿ ನೋಡಿದರೆ, ಸಿಲಿಂಡರಿನ ತಲೆಗೆ ಒಂದು ಗೇಣಿನಷ್ಟೂ ದೂರವಿಲ್ಲದಂತೆ ಅಂಟಿಕೊಂಡಿರುವ ಪುಟ್ಟ ಥ್ರಾಟಲ್ ಬಾಡಿ ಕಾಣಸಿಗುತ್ತದೆ. ಒಂದು ಸಿಲಿಂಡರು, ಅದಕ್ಕೊಂದು ಬಾಗಿಲು. ಬೈಕಿನ ಕೈಹಿಡಿಯನ್ನು ತಿರುವಿದ ಕ್ಷಣದಲ್ಲಿಯೇ ವಾಹನವು ಮುಂದಕ್ಕೆ ನೆಗೆಯುವುದಕ್ಕೆ, ಜನರು ಪಿಕಪ್ ಎಂದು ಮೆಚ್ಚಿ ಹೇಳುವ ಆ ಗುಣಕ್ಕೆ, ಅದರ ಹಗುರವಾದ ಮೈಯ ಜೊತೆಗೆ ಈ ಸಾಮೀಪ್ಯವೂ ಒಂದು ಕಾರಣ.

ಕಾರಿನಲ್ಲಾದರೆ ವ್ಯವಸ್ಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಸಿಲಿಂಡರುಗಳಿಗೆ ಒಂದೇ ಥ್ರಾಟಲ್ ಬಾಡಿ. ಅದರ ಹಿಂದೆ ಮ್ಯಾನಿಫೋಲ್ಡಿನ ಒಂದು ದೊಡ್ಡ ಪೊಳ್ಳು ಕೋಣೆ. ಆ ಕೋಣೆಯಿಂದ ಹೊರಟ ನಾಲ್ಕು ಕೊಳವೆಗಳು ನಾಲ್ಕು ಸಿಲಿಂಡರುಗಳಿಗೆ ಹೋಗುತ್ತವೆ. ಬಾಗಿಲನ್ನು ತೆರೆದ ಕೂಡಲೇ ಗಾಳಿ ನೇರವಾಗಿ ಸಿಲಿಂಡರಿಗೆ ಬಂದು ಮುಟ್ಟುವುದಿಲ್ಲ. ಇಂಜಿನ್ನು ಸುಮ್ಮನೆ ತಿರುಗುತ್ತಿರುವಾಗ ಆ ಕೋಣೆಯೊಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡದ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಮೊದಲು ಆ ಕೋಣೆ ತುಂಬಬೇಕು, ಆಮೇಲೆ ಸಿಲಿಂಡರಿನ ಪಾಲು. ಮುಚ್ಚುವಾಗಲೂ ಹಾಗೆಯೇ, ಕೋಣೆಯಲ್ಲಿ ಉಳಿದ ಗಾಳಿಯನ್ನು ಹೀರಿ ಮುಗಿಸುವವರೆಗೆ ಇಂಜಿನ್ನು ಚಾಲಕನ ಆಜ್ಞೆಯನ್ನು ಪೂರ್ಣವಾಗಿ ಪಾಲಿಸಲಾರದು. ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟಿನ ಗೇಟನ್ನು ಇಳಿಸಿದ ಗಳಿಗೆಯಲ್ಲಿಯೇ ಚನ್ನರಾಯಪಟ್ಟಣ ತಾಲ್ಲೂಕಿನ ಗದ್ದೆಗೆ ಹರಿಯುವ ನೀರು ನಿಂತುಬಿಡುವುದಿಲ್ಲವಷ್ಟೆ. ಎಡದಂಡೆಯ ನಾಲೆಯಲ್ಲಿಯೂ ಬಾಗೂರು ನವಿಲೆಯ ಸುರಂಗದಲ್ಲಿಯೂ ತುಂಬಿಕೊಂಡಿರುವ ನೀರು ಕೆಳಗಿಳಿದು ಬರಿದಾಗುವವರೆಗೆ ಹರಿವು ಇದ್ದೇ ಇರುತ್ತದೆ, ಮತ್ತೆ ಗೇಟನ್ನೆತ್ತಿದಾಗ ಬರಿದಾದ ನಾಲೆ ತುಂಬಿ ಬರುವವರೆಗೆ ರೈತನು ಕಾಯಬೇಕಾಗುತ್ತದೆ. ಅದೇ ಗದ್ದೆಯ ಬದುವಿನಲ್ಲಿಯೇ ಇರುವ ಮಡೆಯನ್ನು ಕಟ್ಟಿದರೆ ನೀರು ಆ ಕ್ಷಣವೇ ನಿಲ್ಲುತ್ತದೆ. ಒಂದೇ ಥ್ರಾಟಲ್ ಬಾಡಿಯ ಕಾರು ದೂರದ ಗೇಟನ್ನು ನಂಬಿದ ಗದ್ದೆ. ಸಿಲಿಂಡರಿಗೊಂದು ಥ್ರಾಟಲ್ ಬಾಡಿಯುಳ್ಳ ಕಾರು ಬದುವಿನಲ್ಲಿಯೇ ಮಡೆಯಿರುವ ಗದ್ದೆ.

ಇಂಡಿವಿಜುಯಲ್ ಥ್ರಾಟಲ್ ಬಾಡಿ ಎಂಬುದನ್ನು ಐಟಿಬಿ ಎಂದು ಹವ್ಯಾಸಿಗಳು ಸಂಕ್ಷೇಪವಾಗಿ ಕರೆಯುವ ಈ ವ್ಯವಸ್ಥೆಯಲ್ಲಿ ದೊಡ್ಡ ಕೋಣೆಯೆಂಬುದೇ ಇಲ್ಲ. ಪ್ರತಿ ಸಿಲಿಂಡರಿನ ಇನ್‌ಟೇಕ್ ವಾಲ್ವಿನ ಮುಂದೆ, ಕೆಲವೇ ಅಂಗುಲಗಳ ಅಂತರದಲ್ಲಿ, ಅದರದೇ ಬಟರ್‌ಫ್ಲೈ. ಅದರ ಹೊರಬದಿಯಲ್ಲಿ ಕಹಳೆಯ ಬಾಯಂತೆ ಅರಳಿದ ಒಂದು ಗಿಡ್ಡ ಕೊಳವೆ. ನಾಲ್ಕು ಬಟರ್‌ಫ್ಲೈಗಳನ್ನೂ ಒಂದೇ ಕಡ್ಡಿ ಅಥವಾ ಸನ್ನೆಗಳ ಸಾಲು ಏಕಕಾಲದಲ್ಲಿ ತಿರುಗಿಸುತ್ತದೆ. ತುಳಿದ ಪಾದಕ್ಕೂ ತುಂಬುವ ಸಿಲಿಂಡರಿಗೂ ನಡುವಣ ಅಂತರ ಹೀಗೆ ಅತ್ಯಲ್ಪವಾಗುವುದರಿಂದ ಇಂಜಿನ್ನು ಚಾಲಕನ ಮನಸ್ಸನ್ನು ಅನುಸರಿಸುವುದರಲ್ಲಿ ಅಸಾಧಾರಣವಾದ ವಿಧೇಯತೆಯನ್ನು ತೋರಿಸುತ್ತದೆ. ಈ ಪರಿಷ್ಕಾರದ ಮುಖ್ಯ ಫಲ ವಿಧೇಯತೆಯೇ ಹೊರತು ಬಲವೃದ್ಧಿಯಲ್ಲ ಎಂಬ ಮಾತನ್ನು, ಇದಕ್ಕಾಗಿ ಹಣ ವ್ಯಯಮಾಡಲು ಉತ್ಸುಕರಾದ ಎಲ್ಲರೂ ಆರಂಭದಲ್ಲಿಯೇ ಮನಗಾಣಬೇಕೆಂದು ನಾನು ಒತ್ತಿ ಹೇಳಬಯಸುತ್ತೇನೆ.

ಈ ಕಲ್ಪನೆ ಹೊಸತಲ್ಲ. ಎಡುವಾರ್ಡೊ ವೆಬರ್ 1923ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಆರಂಭಿಸಿದ ಉದ್ಯಮವು ಮುಂದೆ ನಿರ್ಮಿಸಿದ ಡಿಸಿಒಇ ಎಂಬ ಜೋಡಿ ಗಂಟಲಿನ ಕಾರ್ಬ್ಯುರೇಟರುಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಬಾಗಿಲುಗಳಾಗುತ್ತಿದ್ದವು. ಇಂದಿನ ಎಷ್ಟೋ ಐಟಿಬಿಗಳು ಆ ಕಾರ್ಬ್ಯುರೇಟರಿನ ಬೋಲ್ಟಿನ ರಂಧ್ರಗಳ ಅಳತೆಯನ್ನೇ ಉಳಿಸಿಕೊಂಡು ಬಂದಿವೆ. 1967ರಲ್ಲಿ ಹಾಲೆಂಡಿನ ಜಾಂಡ್‌ವೋರ್ಟ್ ಓಟಪಥದಲ್ಲಿ ಜಿಮ್ ಕ್ಲಾರ್ಕನ ಲೋಟಸ್ 49ರೊಡನೆ ಪ್ರಪ್ರಥಮ ಸ್ಪರ್ಧೆಯಲ್ಲಿಯೇ ಜಯಶಾಲಿಯಾದ ಕಾಸ್‌ವರ್ತ್ ಡಿಎಫ್‌ವಿ ಎಂಬ ಎಂಟು ಸಿಲಿಂಡರಿನ ಇಂಜಿನ್ನಿನ ಮೇಲೆ ಎಂಟು ಕಹಳೆಗಳಿದ್ದವು. ಅಲ್ಲಿ ಬಿಲ್ಲೆಯ ಬದಲು ಜಾರುವ ತಗಡು ಗಾಳಿಯ ದಾರಿಯನ್ನು ತೆರೆಯುತ್ತಿತ್ತು. ಪೋರ್ಷೆಯ 1973ರ ಕರೇರಾ ಆರ್‌ಎಸ್ ಕಾರಿನ ಆರು ಸಿಲಿಂಡರುಗಳಿಗೆ ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ನಿನೊಡನೆ ಆರು ಬಾಗಿಲುಗಳು. ಆ ಬಾಷ್ ಮನೆತನದ ನಮ್ಮ ನಾಡಿನ ಶಾಖೆಯೇ 1951ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಜಿನ್ನಿನ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸಿ, ಮೈಕೊ ಎಂಬ ಹೆಸರಿನಿಂದ ಕರ್ನಾಟಕದ ಮನೆಮಾತಾದುದು. ಆ ಕಾರ್ಖಾನೆಯಲ್ಲಿ ದುಡಿದವರಿಂದ ಸೂಕ್ಷ್ಮ ಅಳತೆಯ ಸಂಸ್ಕಾರವು ನಮ್ಮ ನಾಡಿನ ಎಷ್ಟೋ ವರ್ಕ್‌ಶಾಪುಗಳಿಗೆ ಹರಿದುಬಂದಿತೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯತಕ್ಕದ್ದು.

ಸ್ಪರ್ಧೆಯ ಅಂಗಳದಿಂದ ಈ ವ್ಯವಸ್ಥೆಯನ್ನು ಮಾರಾಟದ ಕಾರುಗಳಿಗೆ ತಂದ ಕೀರ್ತಿಯಲ್ಲಿ ಬಿಎಂಡಬ್ಲ್ಯು ಕಂಪನಿಗೆ ದೊಡ್ಡ ಪಾಲು ಸಲ್ಲುತ್ತದೆ. 1978ರ ಎಂ1 ಕಾರಿನ ಆರು ಸಿಲಿಂಡರಿನ ಇಂಜಿನ್ನಿಗೆ ಆರು ಥ್ರಾಟಲ್‌ಗಳಿದ್ದವು. ಗ್ರೂಪ್ ಎ ಎಂಬ ಸ್ಪರ್ಧಾವರ್ಗದಲ್ಲಿ ಭಾಗವಹಿಸಬೇಕಾದರೆ ಹನ್ನೆರಡು ತಿಂಗಳೊಳಗೆ ಅಂಥವೇ 5,000 ಕಾರುಗಳನ್ನು ನಿರ್ಮಿಸಿರಬೇಕೆಂಬ ನಿಯಮವಿದ್ದುದರಿಂದ, 1986ರ ಎಂ3 ಕಾರಿನಲ್ಲಿ ಓಟದ ಇಂಜಿನ್ನಿನ ನಾಲ್ಕು ಬಾಗಿಲುಗಳು ಪೇಟೆಗೆ ಹೋಗಿಬರುವ ಗೃಹಸ್ಥನಿಗೂ ದೊರೆಯುವಂತಾದವು. 1989ರಲ್ಲಿ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರು ಸಿಲಿಂಡರುಗಳಿಗೆ, ಎರಡು ಟರ್ಬೋಗಳೊಡನೆ, ಆರು ಥ್ರಾಟಲ್‌ಗಳು. 1991ರಲ್ಲಿ ಟೊಯೊಟಾದ 1.6 ಲೀಟರು ಗಾತ್ರದ 4ಎ-ಜಿಇ ಎಂಬ ಇಪ್ಪತ್ತು ವಾಲ್ವುಗಳ ಪುಟ್ಟ ಇಂಜಿನ್ನಿಗೂ ನಾಲ್ಕು. 2010ರಲ್ಲಿ ನಿರ್ಮಾಣಕ್ಕೆ ತೊಡಗಿ ಕೇವಲ 500 ಸಂಖ್ಯೆಗೆ ಮುಗಿಸಿದ ಲೆಕ್ಸಸ್ ಎಲ್‌ಎಫ್‌ಎ ಎಂಬ ಕಾರಿನ ಹತ್ತು ಸಿಲಿಂಡರುಗಳಿಗೆ ಹತ್ತು ಬಾಗಿಲುಗಳಿದ್ದು, ಆ ಇಂಜಿನ್ನು ನಿಶ್ಚಲಸ್ಥಿತಿಯ ಮಂದಗತಿಯಿಂದ 9,000 ಸುತ್ತಿಗೆ 0.6 ಸೆಕೆಂಡಿನಲ್ಲಿ ಏರುತ್ತಿದ್ದುದರಿಂದ, ಮುಳ್ಳಿನ ಮಾಪಕವು ಅದರ ವೇಗಕ್ಕೆ ಸಾಟಿಯಾಗದೆ ವಿದ್ಯುನ್ಮಾನದ ಪರದೆಯನ್ನೇ ಬಳಸಬೇಕಾಯಿತು. ವಿಧೇಯತೆ ಎಂಬ ಶಬ್ದಕ್ಕೆ ಇದಕ್ಕಿಂತ ಉಜ್ವಲವಾದ ನಿದರ್ಶನ ಬೇಕಿಲ್ಲ.

ನಮ್ಮ ದೇಶದ ಸಾಮಾನ್ಯನಿಗೆ ಈ ತತ್ತ್ವದ ಪರಿಚಯ ಕಾರಿಗಿಂತ ಮೊದಲು ಬೈಕಿನಿಂದ ಆಯಿತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಹೊರತಂದ 347 ಸಿ.ಸಿ.ಯ ರಾಜ್‌ದೂತ್ 350 ಬೈಕಿನ ಎರಡು ಸಿಲಿಂಡರುಗಳಿಗೆ ಎರಡು ಪ್ರತ್ಯೇಕ ಕಾರ್ಬ್ಯುರೇಟರುಗಳಿದ್ದವು. ಎರಡರ ಸ್ಲೈಡುಗಳೂ ಒಂದೇ ಗಳಿಗೆಯಲ್ಲಿ, ಒಂದೇ ಎತ್ತರಕ್ಕೆ ಏಳುವಂತೆ ಕೇಬಲ್ಲುಗಳನ್ನು ಹೊಂದಿಸದಿದ್ದರೆ ಒಂದು ಸಿಲಿಂಡರು ಎಳೆಯುತ್ತಿದ್ದಾಗ ಮತ್ತೊಂದು ಜಗ್ಗುತ್ತಿತ್ತು. ಸರಿಯಾಗಿ ಹೊಂದಿಸಬಲ್ಲ ಮೆಕ್ಯಾನಿಕ್ಕಿನ ಹೆಸರು ಜಿಲ್ಲೆಯ ಗಡಿಯನ್ನು ದಾಟಿ ಹರಡುತ್ತಿತ್ತು. ಅನೇಕ ಬಾಗಿಲುಗಳುಳ್ಳ ಇಂಜಿನ್ನಿನ ಆತ್ಮವು ಸಮತೋಲನದಲ್ಲಿದೆಯೆಂಬ ಪಾಠವನ್ನು ಆ ಬೈಕು ಒಂದು ತಲೆಮಾರಿಗೆ ಕಲಿಸಿತು.

ಈಗ ಪರಿಷ್ಕಾರದ ಕಾರ್ಯವನ್ನೇ ಕ್ರಮವಾಗಿ ನೋಡೋಣ. ಮಾಜ್ದಾ ಎಂಎಕ್ಸ್-5ರಂಥ ವಿದೇಶದ ಕ್ರೀಡಾಕಾರಾಗಲಿ, ನಮ್ಮ ದಕ್ಷಿಣದ ಓಟಪಥಗಳಲ್ಲಿ ಬಹುಕಾಲ ಓಡಿದ ಮಾರುತಿ ಎಸ್ಟೀಮ್, ಹೋಂಡಾ ಸಿಟಿಗಳಂಥ ಕಾರಾಗಲಿ, ಮೂಲದ ಇಂಜಿನ್ನನ್ನು ಏನೂ ಬದಲಿಸದೆ ನಾಲ್ಕು ಥ್ರಾಟಲ್ ಬಾಡಿಗಳನ್ನು ಮಾತ್ರ ತೊಡಿಸಿದರೆ ಗರಿಷ್ಠ ಶಕ್ತಿಯಲ್ಲಿ ದೊರೆಯುವ ಲಾಭ ಅಲ್ಪ. ಕೆಳವೇಗದ ಎಳೆತದಲ್ಲಿ ಕೆಲವೊಮ್ಮೆ ನಷ್ಟವೂ ಆದೀತು. ಇದಕ್ಕೆ ಕಾರಣವನ್ನು ಗಾಳಿಯ ಅಲೆಯ ಸ್ವಭಾವದಲ್ಲಿ ಹುಡುಕಬೇಕು. ಪಿಸ್ಟನ್ನು ಕೆಳಗಿಳಿದು ಗಾಳಿಯನ್ನು ಸೆಳೆದಾಗ ಕೊಳವೆಯಲ್ಲಿ ಒತ್ತಡ ತಗ್ಗಿದ ಅಲೆಯೊಂದು ಹುಟ್ಟಿ, ಶಬ್ದದ ವೇಗದಲ್ಲಿ ಹೊರಬಾಯಿಯತ್ತ ಓಡುತ್ತದೆ. ತೆರೆದ ಬಾಯಿಯನ್ನು ಮುಟ್ಟಿದೊಡನೆ ಒತ್ತಡ ಹೆಚ್ಚಿದ ಅಲೆಯಾಗಿ ಮಾರ್ಪಟ್ಟು ಹಿಂದಿರುಗುತ್ತದೆ. ಕೊಳವೆಯ ಉದ್ದ 35 ಸೆಂಟಿಮೀಟರಿದ್ದರೆ ಹೋಗಿಬರಲು ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು. 6,000 ಸುತ್ತಿನ ವೇಗದಲ್ಲಿ ಅಷ್ಟರೊಳಗೆ ಇಂಜಿನ್ನು ಒಂದು ಸುತ್ತಿನ ಐದನೆಯ ಒಂದು ಪಾಲು ತಿರುಗಿರುತ್ತದೆ. ಮರಳಿದ ಅಲೆಯು ವಾಲ್ವು ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಬಡಿದರೆ, ತುಂಬಿದ ಸಿಲಿಂಡರಿಗೆ ಇನ್ನಷ್ಟು ಗಾಳಿಯನ್ನು ನೂಕಿ ಹೋಗುತ್ತದೆ. ಹೊತ್ತು ತಪ್ಪಿ ಬಂದರೆ ತುಂಬುವುದಕ್ಕೆ ಅಡ್ಡಿಯಾಗುತ್ತದೆ. ಉದ್ದವಾದ ಕೊಳವೆ ಕೆಳವೇಗಕ್ಕೂ ಗಿಡ್ಡ ಕೊಳವೆ ಮೇಲುವೇಗಕ್ಕೂ ಅನುಕೂಲವೆಂಬ ಸೂತ್ರ ಇದರಿಂದ ಹುಟ್ಟಿದುದು. ಕಹಳೆಗಳ ಉದ್ದವನ್ನು ಅಂಗುಲದಷ್ಟು ಹೆಚ್ಚುಕಡಿಮೆ ಮಾಡಿ ಪರೀಕ್ಷಿಸುವ ಸ್ವಾತಂತ್ರ್ಯವು ಐಟಿಬಿಯ ವರಗಳಲ್ಲೊಂದು.

ಎರಡನೆಯ ವರವು ಕ್ಯಾಮ್ ಶಾಫ್ಟಿಗೆ ಸಂಬಂಧಿಸಿದುದು. ಮೇಲುವೇಗದಲ್ಲಿ ಹೆಚ್ಚು ಶಕ್ತಿ ಬೇಕಾದರೆ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮುಗಳನ್ನು ತೊಡಿಸಬೇಕಾಗುತ್ತದೆ. ಆಗ ಒಳಬರುವ ವಾಲ್ವೂ ಹೊರಹೋಗುವ ವಾಲ್ವೂ ಏಕಕಾಲದಲ್ಲಿ ತೆರೆದಿರುವ ಅವಧಿ ಹೆಚ್ಚಿ, ಮಂದಗತಿಯಲ್ಲಿ ಉರಿದ ಹೊಗೆಯು ಹಿಂದಕ್ಕೆ ನುಗ್ಗತೊಡಗುತ್ತದೆ. ಒಂದೇ ಕೋಣೆಯ ಮ್ಯಾನಿಫೋಲ್ಡಿನಲ್ಲಿ ಒಂದು ಸಿಲಿಂಡರಿನ ಹೊಗೆ ನೆರೆಯ ಸಿಲಿಂಡರಿನ ಗಾಳಿಯನ್ನೂ ಕೆಡಿಸುವುದರಿಂದ ಇಂಜಿನ್ನು ಕುಂಟುತ್ತದೆ. ಪ್ರತಿ ಸಿಲಿಂಡರಿಗೂ ಬೇರೆ ಬಾಗಿಲಿದ್ದರೆ ಒಂದರ ದೋಷ ಮತ್ತೊಂದಕ್ಕೆ ಅಂಟುವುದಿಲ್ಲ. ಆದುದರಿಂದಲೇ ಉಗ್ರವಾದ ಕ್ಯಾಮುಗಳೂ ಸಂಸ್ಕರಿಸಿದ ಸಿಲಿಂಡರ್ ಹೆಡ್ಡೂ ತಕ್ಕ ಎಗ್ಸಾಸ್ಟೂ ಜೊತೆಗೂಡಿದಾಗ ಮಾತ್ರ ಐಟಿಬಿಯು ತನ್ನ ಪೂರ್ಣ ಪ್ರಭಾವವನ್ನು ತೋರುತ್ತದೆ.

ಬಾಗಿಲಿನ ವ್ಯಾಸವನ್ನು ಆರಿಸುವುದರಲ್ಲಿ ಆಶೆಗೆ ಅವಕಾಶ ಕೊಡಬಾರದು. 40, 42, 45, 48 ಮಿ.ಮೀ. ಎಂದು ಹಲವು ಅಳತೆಗಳಲ್ಲಿ ಥ್ರಾಟಲ್ ಬಾಡಿಗಳು ದೊರೆಯುತ್ತವೆ; 2 ಲೀಟರಿನ ಇಂಜಿನ್ನಿಗೆ 45 ಮಿ.ಮೀ. ರೂಢಿಯ ಅಳತೆ. ದೊಡ್ಡದು ಉತ್ತಮವೆಂದು ಭ್ರಮಿಸಿ 48ನ್ನು ತೊಡಿಸಿದರೆ ಕೊಳವೆಯಲ್ಲಿ ಗಾಳಿಯ ವೇಗ ಕುಗ್ಗಿ, ಪೆಡಲನ್ನು ಸ್ವಲ್ಪ ತುಳಿದ ಮಾತ್ರಕ್ಕೇ ಬಹುಪಾಲು ಗಾಳಿ ಒಳನುಗ್ಗಿ, ಊರೊಳಗಿನ ನಿಧಾನ ಸಂಚಾರದಲ್ಲಿ ಕಾರು ತಡವರಿಸುತ್ತದೆ.

ಜೋಡಣೆ ಮುಗಿದ ಮೇಲೆ ಸಮತೋಲನದ ಕಾರ್ಯ. ಪ್ರತಿ ಕಹಳೆಯ ಬಾಯಿಗೆ ಗಾಳಿಯ ಹರಿವನ್ನಳೆಯುವ ಮಾಪಕವನ್ನು ಹಿಡಿದೋ, ಪ್ರತಿ ಕೊಳವೆಗೆ ಒಂದೊಂದು ವ್ಯಾಕ್ಯೂಮ್ ಗೇಜನ್ನು ಕೂಡಿಸಿಯೋ ನಾಲ್ಕೂ ಬಾಗಿಲುಗಳು ಸಮಪ್ರಮಾಣದ ಗಾಳಿಯನ್ನು ಬಿಡುತ್ತಿವೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಂದಗತಿಯಲ್ಲಿ ಬಟರ್‌ಫ್ಲೈ ತೆರೆದಿರುವುದು ಕೂದಲೆಳೆಯಷ್ಟಾದುದರಿಂದ ಅಲ್ಲಿಯ ಕಿಂಚಿತ್ ವ್ಯತ್ಯಾಸವೂ ಒಂದು ಸಿಲಿಂಡರನ್ನು ಉಪವಾಸ ಕೆಡವಿ ಮತ್ತೊಂದಕ್ಕೆ ಅಜೀರ್ಣವನ್ನುಂಟುಮಾಡಬಲ್ಲದು. ಸನ್ನೆಗಳ ಕೀಲುಗಳು ಸವೆದಂತೆಲ್ಲ ಈ ಹೊಂದಾಣಿಕೆ ಕೆಡುತ್ತ ಬರುತ್ತದೆ. ಸರ್ವಿಸಿಗೊಮ್ಮೆ ಅದನ್ನು ಮತ್ತೆ ನೋಡತಕ್ಕದ್ದು. ತಾಳ್ಮೆಯಿಲ್ಲದವನು ಈ ದಾರಿಗೆ ಬರದಿರುವುದೇ ಲೇಸು.

ಅತ್ಯಂತ ಸೂಕ್ಷ್ಮವಾದ ಭಾಗವು ಇಸಿಯುವಿಗೆ ಪಾಠ ಹೇಳುವುದು. ಸಾಮಾನ್ಯವಾದ ಕಾರಿನ ಗಣಕವು ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಗಾಳಿಯ ಪ್ರಮಾಣವನ್ನು ಊಹಿಸುತ್ತದೆ. ಕೋಣೆಯೇ ಇಲ್ಲದ ಐಟಿಬಿಯಲ್ಲಿ ಆ ಒತ್ತಡ ಪ್ರತಿ ಹೀರಿಕೆಗೂ ಜಿಗಿಯುತ್ತಿರುತ್ತದೆ. ಅಷ್ಟೇ ಅಲ್ಲದೆ ಪೆಡಲನ್ನು ಸ್ವಲ್ಪ ತುಳಿಯುವಷ್ಟರಲ್ಲಿಯೇ ಹೊರಗಿನ ಒತ್ತಡಕ್ಕೆ ಸಮನಾಗಿಬಿಡುವುದರಿಂದ ಮುಂದಿನ ತುಳಿತದ ಸುಳಿವು ಗಣಕಕ್ಕೆ ಸಿಗುವುದಿಲ್ಲ. ಆದಕಾರಣ ಬಟರ್‌ಫ್ಲೈ ಎಷ್ಟು ಡಿಗ್ರಿ ತಿರುಗಿದೆ, ಇಂಜಿನ್ನು ಎಷ್ಟು ವೇಗದಲ್ಲಿದೆ ಎಂಬ ಎರಡು ಸಂಗತಿಗಳನ್ನೇ ಆಧಾರವಾಗಿಟ್ಟುಕೊಂಡು ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವ ಪದ್ಧತಿಯನ್ನು ಅನುಸರಿಸಬೇಕಾಗುತ್ತದೆ. ಆಲ್ಫಾ-ಎನ್ ಎಂಬುದು ಅದರ ಹೆಸರು. ಕಾರನ್ನು ಡೈನೋ ಎಂಬ ಶಕ್ತಿಮಾಪಕದ ಉರುಳೆಗಳ ಮೇಲೆ ನಿಲ್ಲಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತ, ತೆರಪು ಮತ್ತು ವೇಗಗಳ ಪ್ರತಿಯೊಂದು ಸಂಯೋಗಕ್ಕೂ ಪೆಟ್ರೋಲಿನ ಅಂಕಿಯನ್ನೂ ಕಿಡಿಯ ಕಾಲವನ್ನೂ ಬರೆದು ತುಂಬಿಸಬೇಕು. ಪೂರ್ಣ ಶಕ್ತಿಗೆ ಬೇಕಾದ ಮಿಶ್ರಣವು 14.7 ಅಲ್ಲ; ಸುಮಾರು 12.5ರಿಂದ 13ರವರೆಗಿನ, ಪೆಟ್ರೋಲು ಹೆಚ್ಚಿರುವ ಮಿಶ್ರಣ.

ಚನ್ನರಾಯಪಟ್ಟಣದವರಿಗೆ ಇಲ್ಲಿ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದಿದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡವು ಕರಾವಳಿಗಿಂತ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ಬೆಂಗಳೂರಿನಿಂದ ಬಂದು ನಮ್ಮೂರನ್ನು ಹಾಯ್ದುಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಾಟಿಯನ್ನಿಳಿದು, ಗುಂಡ್ಯ ಉಪ್ಪಿನಂಗಡಿಗಳ ಮೂಲಕ ಮಂಗಳೂರಿಗೆ ಹೋಗುವ ಕಾರು ಕೆಲವೇ ಗಂಟೆಗಳಲ್ಲಿ ತೆಳುವಾದ ಗಾಳಿಯಿಂದ ದಟ್ಟವಾದ ಗಾಳಿಗೆ ಇಳಿಯುತ್ತದೆ. ಒತ್ತಡವನ್ನಳೆಯುವ ಗಣಕಕ್ಕೆ ಈ ಭೇದ ತಾನಾಗಿಯೇ ತಿಳಿಯುತ್ತದೆ. ಬಟರ್‌ಫ್ಲೈಯ ಕೋನವನ್ನು ಮಾತ್ರ ನಂಬಿದ ಗಣಕಕ್ಕೆ ತಿಳಿಯುವುದಿಲ್ಲ. ಇಲ್ಲಿ 12.8ಕ್ಕೆ ಹೊಂದಿಸಿದ ಮಿಶ್ರಣವು ಅದೇ ತೆರಪಿನಲ್ಲಿ, ಅದೇ ವೇಗದಲ್ಲಿ, ಕಡಲ ತೀರದಲ್ಲಿ 14ರ ಸಮೀಪಕ್ಕೆ ಸರಿದು, ಪೂರ್ಣಭಾರದಲ್ಲಿ ಸಿಲಿಂಡರು ಅತಿಯಾಗಿ ಕಾದು ಇಂಜಿನ್ನು ಕುಟ್ಟತೊಡಗೀತು; ಪಿಸ್ಟನ್ನೇ ಕರಗುವುದಕ್ಕೂ ಇದು ದಾರಿ. ಆದುದರಿಂದ ಹೊರಗಿನ ವಾಯುಭಾರವನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಅಳೆಯುವ ಪ್ರತ್ಯೇಕ ಸೆನ್ಸರುಗಳನ್ನು ಜೋಡಿಸಿ, ಅವುಗಳಿಗನುಸಾರವಾಗಿ ಪೆಟ್ರೋಲನ್ನು ತಿದ್ದುವಂತೆ ಗಣಕಕ್ಕೆ ಕಲಿಸುವುದು ಘಾಟಿಯ ನಾಡಿನಲ್ಲಿ ಐಚ್ಛಿಕವಲ್ಲ, ಅನಿವಾರ್ಯ.

ಮತ್ತೆರಡು ಎಚ್ಚರಿಕೆಗಳನ್ನು ಹೇಳದೆ ಮುಂದುವರಿಯುವಂತಿಲ್ಲ. ಕಾರಿನ ಬ್ರೇಕಿಗೆ ಸಹಾಯಮಾಡುವ ಬೂಸ್ಟರು ಮ್ಯಾನಿಫೋಲ್ಡಿನ ನಿರ್ವಾತದಿಂದ ಬಲವನ್ನು ಪಡೆಯುತ್ತದೆ. ಐಟಿಬಿಯಲ್ಲಿ ನಿರ್ವಾತವು ಚದುರಿಹೋಗುವುದರಿಂದ ನಾಲ್ಕೂ ಕೊಳವೆಗಳಿಂದ ಸಣ್ಣ ನಳಿಗೆಗಳನ್ನೆಳೆದು ಒಂದು ಸಂಗ್ರಹಪಾತ್ರೆಗೆ ಸೇರಿಸಿ, ಅದು ಹಿಂದಕ್ಕೆ ಸೋರದಂತೆ ಏಕಮುಖ ವಾಲ್ವನ್ನಿಟ್ಟು, ಆಮೇಲೆ ಬೂಸ್ಟರಿಗೆ ಕೊಡಬೇಕು. ವೇಗವನ್ನು ಹೆಚ್ಚಿಸುವ ಕೈಯೇ ಬ್ರೇಕನ್ನು ದುರ್ಬಲಗೊಳಿಸುವಂತಾಗಬಾರದು. ಎರಡನೆಯದು ಧೂಳು. ಚಿತ್ರಗಳಲ್ಲಿ ಥಳಥಳಿಸುವ ತೆರೆದ ಕಹಳೆಗಳು ಸೊಗಸಾಗಿ ಕಂಡರೂ, ಬೇಸಗೆಯಲ್ಲಿ ನಮ್ಮ ಬಯಲುಸೀಮೆಯ ಕೆಮ್ಮಣ್ಣಿನ ರಸ್ತೆಯಲ್ಲಿ ಅವು ಸೆಕೆಂಡಿಗೆ ನೂರು ಲೀಟರಿನಂತೆ ಧೂಳು ತುಂಬಿದ ಗಾಳಿಯನ್ನೇ ಹೀರಿ ಸಿಲಿಂಡರಿನ ಗೋಡೆಯನ್ನೂ ರಿಂಗುಗಳನ್ನೂ ಉಜ್ಜಿಹಾಕುತ್ತವೆ. ನಾಲ್ಕೂ ಕಹಳೆಗಳನ್ನು ಒಂದು ವಿಶಾಲವಾದ ಪೆಟ್ಟಿಗೆಯೊಳಗೆ ಮುಚ್ಚಿ, ಬಾನೆಟ್ಟಿನ ಹೊರಗಿನ ತಂಪು ಗಾಳಿಯನ್ನು ಒಳ್ಳೆಯ ಏರ್ ಫಿಲ್ಟರಿನ ಮೂಲಕ ಅದಕ್ಕೆ ಒದಗಿಸುವುದು ಸರಿಯಾದ ಕ್ರಮ. ಐಟಿಬಿಯ ಗಂಭೀರವಾದ ಗರ್ಜನೆ ಅದರಿಂದ ಅಷ್ಟೇನೂ ಕುಂದುವುದಿಲ್ಲ.

ಕಾನೂನಿನ ಮಾತೂ ಅಷ್ಟೇ ಮುಖ್ಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ನಿರ್ದೇಶಿಸಿದ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಹಾಸನದ ಸಾರಿಗೆ ಕಛೇರಿಯಲ್ಲಿ ಕೆಎ-13 ಎಂದು ನೋಂದಣಿಯಾಗಿ ಹೆದ್ದಾರಿಯಲ್ಲಿ ಓಡುವ ಕಾರಿಗೆ ಈ ಪರಿಷ್ಕಾರ ತಕ್ಕುದಲ್ಲ. ಇದಕ್ಕೆ ಯೋಗ್ಯವಾದ ಸ್ಥಳ ಓಟಪಥ. ಚೆನ್ನೈಯ ಬಳಿ ಇರುಂಗಾಟ್ಟುಕೋಟೆಯಲ್ಲಿ 1990ರಲ್ಲಿ ಆರಂಭವಾದ ಓಟಪಥವೂ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯೂ ನಮಗೆ ತಕ್ಕಮಟ್ಟಿಗೆ ಹತ್ತಿರದವು. ಓಟಪಥದಲ್ಲಿಯೂ ಆಯಾ ವರ್ಗದ ನಿಯಮವನ್ನು ಮೊದಲು ಓದಿಕೊಳ್ಳಬೇಕು. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂಥ ವಿದ್ಯಾರ್ಥಿ ತಂಡಗಳು ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳಲ್ಲಿ ಪೆಟ್ರೋಲ್ ಇಂಜಿನ್ನು ಸೇವಿಸುವ ಗಾಳಿಯೆಲ್ಲವೂ 20 ಮಿ.ಮೀ. ವ್ಯಾಸದ ಒಂದೇ ಗಂಟಲಿನ ಮೂಲಕ ಹಾಯಬೇಕು, ಥ್ರಾಟಲ್ ಆ ಗಂಟಲಿಗಿಂತ ಮುಂಚೆಯೇ ಇರಬೇಕು ಎಂಬ ಕಟ್ಟಳೆಯಿದೆ. ಅಲ್ಲಿ ಐಟಿಬಿಗೆ ಎಡೆಯೇ ಇಲ್ಲ, ಒಂದೇ ಬಾಗಿಲಿನ ಹಿಂದಿನ ಕೋಣೆಯನ್ನು ವಿವೇಕದಿಂದ ರೂಪಿಸುವುದೇ ಜಾಣತನ. 1960ರಲ್ಲಿ ಸ್ಥಾಪಿತವಾದ ಹಾಸನದ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ಅಭ್ಯಾಸಮಾಡುತ್ತಿರುವ ನಮ್ಮ ತಾಲ್ಲೂಕುಗಳ ತರುಣರು ಗಮನಿಸಬೇಕಾದ ನೀತಿ ಇದರಲ್ಲಿದೆ: ಯಾವ ಉಪಕರಣವೂ ಸ್ವತಃ ಶ್ರೇಷ್ಠವಲ್ಲ, ಪ್ರಯೋಜನಕ್ಕೆ ಒಪ್ಪಿದಾಗ ಮಾತ್ರ ಶ್ರೇಷ್ಠ.

ಇಷ್ಟು ಗುಣಗಳುಳ್ಳ ವ್ಯವಸ್ಥೆಯನ್ನು ಮಾರಾಟದ ಕಾರುಗಳಿಂದ ತಯಾರಕರು ಬಹುಮಟ್ಟಿಗೆ ಕೈಬಿಟ್ಟುದೇಕೆಂಬ ಪ್ರಶ್ನೆಗೆ ಉತ್ತರ ಸರಳವಾದುದು. ಬೆಲೆ ಹೆಚ್ಚು, ಬಿಡಿಭಾಗಗಳು ಹೆಚ್ಚು, ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಹೊಂದಾಣಿಕೆ ಕಷ್ಟ. ಟರ್ಬೋ ಇಂಜಿನ್ನುಗಳು ಅಗ್ಗವಾಗಿ ಬಲವನ್ನು ಕೊಡತೊಡಗಿದ ಮೇಲೆ 2013ರ ಸುಮಾರಿಗೆ ಬಿಎಂಡಬ್ಲ್ಯುವಿನ ಎಂ3 ಕಾರೂ ಎಂಟು ಬಾಗಿಲುಗಳ ಇಂಜಿನ್ನಿಗೆ ವಿದಾಯ ಹೇಳಿತು. ಆದರೂ ಪೋರ್ಷೆಯು 2021ರ 911 ಜಿಟಿ3 ಕಾರಿನಲ್ಲಿ ಆರು ಪ್ರತ್ಯೇಕ ಥ್ರಾಟಲ್‌ಗಳನ್ನು ಕೊಟ್ಟಿರುವುದನ್ನು ನೋಡಿದರೆ, ಚಾಲಕನ ಪಾದಕ್ಕೆ ತತ್‌ಕ್ಷಣ ಓಗೊಡುವ ಇಂಜಿನ್ನಿನ ಬೆಲೆಯನ್ನು ಬಲ್ಲವರು ಇನ್ನೂ ಇದ್ದಾರೆಂಬುದು ವಿದಿತವಾಗುತ್ತದೆ.

ಈ ವಿದ್ಯೆಯಲ್ಲಿ ಆಸಕ್ತಿಯುಳ್ಳ ತರುಣನು ಥ್ರಾಟಲ್ ಬಾಡಿಯನ್ನು ಕೊಳ್ಳುವುದರಿಂದ ಮೊದಲುಮಾಡಬಾರದು. ಮೊದಲು ಇಂಜಿನ್ನಿನ ಆರೋಗ್ಯವನ್ನು ಕಂಪ್ರೆಷನ್ ಗೇಜಿನಿಂದ ಅಳೆದು ನಾಲ್ಕು ಸಿಲಿಂಡರುಗಳೂ ಸಮಬಲವುಳ್ಳವೆಂದು ತಿಳಿಯಲಿ. ಅನಂತರ ಬ್ರೇಕು ಟಯರುಗಳನ್ನು ವೇಗಕ್ಕೆ ತಕ್ಕಂತೆ ಸಜ್ಜುಗೊಳಿಸಲಿ. ಆಮೇಲೆ ಕ್ಯಾಮು, ಹೆಡ್ಡು, ಎಗ್ಸಾಸ್ಟುಗಳ ವಿಚಾರ. ಕಟ್ಟಕಡೆಗೆ ಬಾಗಿಲುಗಳು, ಅವುಗಳೊಡನೆ ಗಣಕ. ಹಣವನ್ನು ಲೋಹದ ವಸ್ತುವಿಗೆಲ್ಲ ಮುಗಿಸದೆ ಡೈನೋದ ಮೇಲಿನ ಹೊಂದಾಣಿಕೆಗೆ ಧಾರಾಳವಾಗಿ ತೆಗೆದಿಡಲಿ, ಏಕೆಂದರೆ ಹೊಂದಾಣಿಕೆಯಿಲ್ಲದ ಐಟಿಬಿಗಿಂತ ಕಾರ್ಖಾನೆಯಿಂದ ಬಂದ ಒಂಟಿ ಬಾಗಿಲೇ ನೂರು ಪಾಲು ಮೇಲು. ಹಾರ್ಸ್‌ಪವರಿನ ಅಂಕಿಯನ್ನು ಹೆಚ್ಚಿಸಿಕೊಳ್ಳಲು ಅಗ್ಗದ ದಾರಿಗಳು ಎಷ್ಟೋ ಇವೆ. ನಾಲ್ಕು ಸಿಲಿಂಡರುಗಳಿಗೆ ಸಮನಾದ ಉಸಿರನ್ನು ಹಂಚಿ, ಆಜ್ಞೆಗೂ ಆಚರಣೆಗೂ ನಡುವೆ ವಿಳಂಬವಿಲ್ಲದಂತೆ ಮಾಡುವ ದಾರಿ ಇದೊಂದೇ. ಅದನ್ನು ಅಳತೆಯಿಂದಲೂ ತಾಳ್ಮೆಯಿಂದಲೂ ಸಾಧಿಸಿದವನಿಗೆ ದೊರೆಯುವ ನಿಜವಾದ ಸಂಪಾದನೆಯೆಂದರೆ ಇಂಜಿನ್ನಿನ ಅಂತರಂಗವನ್ನು ಬಲ್ಲ ಜ್ಞಾನ. ಆ ಜ್ಞಾನವುಳ್ಳವನ ಕೈಗೆ ನಾಳೆ ಯಾವ ಯಂತ್ರ ಬಂದರೂ ಅದು ಕೃತಾರ್ಥವಾಗುತ್ತದೆ.